ಅನುದಾನ ಯಾವುದಕ್ಕೆ ಕೇಳಬೇಕು: ಸಂದರ್ಶನ, ಪ್ರಯೋಗ, ದೀರ್ಘ ಸಮೀಕ್ಷೆ

ವಿಜ್ಞಾನ, ತಂತ್ರಜ್ಞಾನದಲ್ಲಿ ಹೆಣ್ಣುಮಕ್ಕಳು ಏಕೆ ಕಡಿಮೆ? ಇದನ್ನು ಅಧ್ಯಯನ ಮಾಡಲು ಯಾವ ದಾರಿಗೆ ಹಣ ಕೇಳಬೇಕು ಎಂದು ಕೇಳಿದ್ದೀರಿ.

ಮೊದಲು ಖರ್ಚು. ಸಂದರ್ಶನ ಅಗ್ಗ ಅನ್ನಿಸುತ್ತದೆ. ಆದರೆ ಮಾತನ್ನೆಲ್ಲ ಬರಹಕ್ಕಿಳಿಸಿ ವಿಂಗಡಿಸುವ ಸಂಬಳವನ್ನು ಬಜೆಟ್‌ನಲ್ಲಿ ಸೇರಿಸಲೇಬೇಕು. ದೀರ್ಘ ಸಮೀಕ್ಷೆ, ಅಂದರೆ ಅದೇ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಕೇಳುತ್ತಾ ಹೋಗುವುದು, ಎಲ್ಲಕ್ಕಿಂತ ದುಬಾರಿ. ಅನುದಾನ ಮುಗಿದರೂ ಅಧ್ಯಯನ ಮುಗಿದಿರುವುದಿಲ್ಲ, ಅದೇ ದೊಡ್ಡ ತಲೆನೋವು. ಪ್ರಯೋಗದ ಖರ್ಚು ಸಾಮಾನ್ಯವಾಗಿ ಇವೆರಡರ ನಡುವೆ ಇರುತ್ತದೆ.

ಪುರಾವೆಯ ಬಲ ನೋಡಿದರೆ ಪ್ರಯೋಗ ಗಟ್ಟಿ. 2012ರಲ್ಲಿ ಅಮೆರಿಕದ 127 ವಿಜ್ಞಾನ ಅಧ್ಯಾಪಕರಿಗೆ ಪ್ರಯೋಗಾಲಯದ ಮ್ಯಾನೇಜರ್ ಹುದ್ದೆಗೆ ಬರೆದ ಒಂದೇ ಅರ್ಜಿ ಹೋಯಿತು. ಕೆಲವರಿಗೆ ಗಂಡು ಹೆಸರು, ಕೆಲವರಿಗೆ ಹೆಣ್ಣು ಹೆಸರು. ಗಂಡು ಹೆಸರಿಗೆ ಅರ್ಹತೆಯ ಅಂಕವೂ ಜಾಸ್ತಿ, ಸಂಬಳವೂ ಜಾಸ್ತಿ. ಮಹಿಳಾ ಅಧ್ಯಾಪಕರೂ ಹಾಗೆಯೇ ಮಾಡಿದ್ದರು! ಆದರೆ 2015ರ ಇನ್ನೊಂದು ಪ್ರಯೋಗದಲ್ಲಿ, ಪ್ರಾಧ್ಯಾಪಕ ಹುದ್ದೆಗೆ ಹೆಣ್ಣು ಅಭ್ಯರ್ಥಿಗಳಿಗೇ ಒಲವು ಕಂಡಿತು. ಹುದ್ದೆ, ಹಂತ ಬದಲಾದರೆ ಉತ್ತರವೂ ಬದಲಾಗಬಹುದು ಅಲ್ವಾ? ಹಾಗಾಗಿ ಒಂದೇ ಪ್ರಯೋಗ ನಂಬಿ ದೊಡ್ಡ ಮಾತು ಬರೆಯಬೇಡಿ.

ಆಯ್ಕೆ ಸಮಿತಿಯ ಪಕ್ಷಪಾತ ನಿಮ್ಮ ಪ್ರಶ್ನೆಯಾದರೆ ಪ್ರಯೋಗಕ್ಕೇ ಕೇಳಿ. ಪಿಎಚ್‌ಡಿ ಮುಗಿಸಿದವರು ಯಾವ ಹಂತದಲ್ಲಿ ಕೈಬಿಡುತ್ತಾರೆ ಎಂದು ತಿಳಿಯಲು ಸಮೀಕ್ಷೆ ಬೇಕು. ಅದನ್ನು ಒಂಟಿಯಾಗಿ ಹೊರಬೇಡಿ. ಈಗಾಗಲೇ ನಡೆಯುತ್ತಿರುವ ಸಮೀಕ್ಷೆಗೆ ನಾಲ್ಕು ಪ್ರಶ್ನೆ ಸೇರಿಸಲು ಸಾಧ್ಯವೇ ನೋಡಿ. ಕಾರಣವೇ ಗೊತ್ತಿಲ್ಲದ ಹೊಸ ಕ್ಷೇತ್ರವಾದರೆ, ಸಣ್ಣ ಮೊತ್ತದಲ್ಲಿ ಸಂದರ್ಶನ ಶುರುಮಾಡಿ. ಕೆಲಸ ಬಿಟ್ಟುಹೋದವರನ್ನೂ ಮಾತಾಡಿಸಿ, ಉಳಿದವರನ್ನು ಮಾತ್ರ ಕೇಳಿದರೆ ಅರ್ಧ ಕಥೆಯೇ ಸಿಗುತ್ತದೆ.