ಸ್ನಾಯು ರಿಸೆಪ್ಟರ್ ಪ್ರೋಟೀನ್ ಡೀಲರ್ ಕೈಯಲ್ಲಿ ತರಿಸುವ ಮುಂಚೆ ಇದನ್ನೊಮ್ಮೆ ಓದಿ

ಮೈಸೂರು, ಮಂಡ್ಯ ಕಡೆಯ ಕಾಲೇಜು ಲ್ಯಾಬ್‌ಗಳಿಗೆ ರಿಕಾಂಬಿನೆಂಟ್ ಪ್ರೋಟೀನ್ (ಜೀನ್ ಸೇರಿಸಿದ ಕೋಶದಲ್ಲಿ ತಯಾರಿಸಿದ್ದು) ಒದಗಿಸುವ ಡೀಲರೊಬ್ಬರಿಂದ ನಮಗೆ ಚೆನ್ನಾಗಿಯೇ ಏಟು ಬಿತ್ತು. ಹೆಸರು ಬರೆಯುವುದಿಲ್ಲ. ನಡೆದದ್ದನ್ನು ಬರೆಯುತ್ತೇನೆ, ನಿಮ್ಮ ಆರ್ಡರ್ ಹೋಗುವ ಮೊದಲು ಓದಿಕೊಳ್ಳಿ.

ನಮಗೆ ಬೇಕಿದ್ದದ್ದು ಮನುಷ್ಯರ ಸ್ನಾಯುವಿನ ಅಸಿಟೈಲ್‌ಕೋಲಿನ್ ರಿಸೆಪ್ಟರಿನ (ನರದ ಸಂದೇಶವನ್ನು ಸ್ನಾಯುವಿನಲ್ಲಿ ಹಿಡಿಯುವ ಪ್ರೋಟೀನ್) ಆಲ್ಫಾ-1 ಉಪಘಟಕ. ಅದರಲ್ಲೂ ಜೀವಕೋಶದಿಂದ ಹೊರಗೆ ಚಾಚಿರುವ, ಸುಮಾರು 210 ಅಮೈನೋ ಆಮ್ಲಗಳ ಭಾಗ. ಮಯಸ್ತೇನಿಯಾ ಗ್ರಾವಿಸ್ ಎಂಬ ಸ್ನಾಯು ಸೋಲುವ ಕಾಯಿಲೆ ಇರುವವರಲ್ಲಿ ಬಹುಪಾಲು ಮಂದಿಯ ದೇಹ ಈ ರಿಸೆಪ್ಟರಿನ ವಿರುದ್ಧವೇ ಆಂಟಿಬಾಡಿ ತಯಾರಿಸುತ್ತದೆ. ರೆಪ್ಪೆ ಜೋತುಬೀಳುತ್ತದೆ, ಊಟ ಮಾಡುತ್ತ ಮಾಡುತ್ತ ದವಡೆ ಸೋಲುತ್ತದೆ. ಆ ಆಂಟಿಬಾಡಿಗಳಲ್ಲಿ ಹೆಚ್ಚಿನವು ಹಿಡಿಯುವುದು ಪ್ರೋಟೀನ್ ಮಡಚಿಕೊಂಡಿರುವ ಆಕಾರವನ್ನು. ಮಡಿಕೆ ಬಿಚ್ಚಿದರೆ ಅವು ಮುಟ್ಟಿಯೂ ನೋಡುವುದಿಲ್ಲ. 1976ರಲ್ಲಿ ಲಿಂಡ್‌ಸ್ಟ್ರಾಮ್ ಮತ್ತು ಸಂಗಡಿಗರು ಪ್ರಕಟಿಸಿದ, ಈ ಆಂಟಿಬಾಡಿ ಪತ್ತೆಹಚ್ಚುವ ಪರೀಕ್ಷೆಯಲ್ಲಿ ಬಳಸಿದ್ದೂ ಸ್ನಾಯುವಿನಿಂದ ತೆಗೆದ ಸಹಜ ರಿಸೆಪ್ಟರನ್ನೇ.

ಹಾಗಾಗಿ ಆರ್ಡರ್‌ನಲ್ಲಿ ಬಿಡಿಸಿ ಬರೆದಿದ್ದೆವು: ಎಚ್‌ಇಕೆ-293 ಕೋಶದಲ್ಲಿ (ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯರ ಕೋಶ) ತಯಾರಾದದ್ದು, ಜಿಎಸ್‌ಟಿ ಟ್ಯಾಗ್ (ತೆರಿಗೆಯಲ್ಲ, ಶುದ್ಧೀಕರಿಸಲು ಅನುಕೂಲವಾಗಲೆಂದು ಜೋಡಿಸುವ ಇನ್ನೊಂದು ಪ್ರೋಟೀನ್) ಬೇಡ, ಕೆಡದಿರಲಿ ಎಂದು ಸೇರಿಸುವ ಆಲ್ಬುಮಿನ್ ಪ್ರೋಟೀನ್ ಬೆರೆಸಿರಬಾರದು, ಫ್ರೀಜ್-ಡ್ರೈ ಮಾಡಿದ ಪುಡಿ. ಡೀಲರ್ ಅದನ್ನೇ ಕೊಟೇಶನ್‌ನಲ್ಲಿ ಅಚ್ಚು ಮಾಡಿಸಿ ಸೀಲ್ ಒತ್ತಿ ಕಳಿಸಿದರು. ದರ ಉಳಿದವರಿಗಿಂತ ಕಡಿಮೆ. ಎಲ್-1 ನಿಯಮ ಗೊತ್ತಲ್ಲ, ಅತಿ ಕಡಿಮೆ ದರ ಹೇಳಿದವರಿಗೇ ಕೊಡಬೇಕು, ಆರ್ಡರ್ ಅವರಿಗೇ ಹೋಯಿತು.

ಸರಕು ಹೊರಟಿದ್ದು ದಸರೆಯ ಹೊತ್ತಿಗೆ. ಆಯುಧಪೂಜೆ, ವಿಜಯದಶಮಿ, ಜಂಬೂಸವಾರಿಗೆ ಬಂದ್ ಆದ ರಸ್ತೆಗಳು, ಇದರ ಮಧ್ಯೆ ಡಬ್ಬ ಎಲ್ಲಿ ಕೂತಿತ್ತೋ. ತಂಪಿಗೆ ಹಾಕಿದ್ದ ಡ್ರೈ ಐಸ್ ನೀರಾಗದೆ ನೇರ ಆವಿಯಾಗುತ್ತದೆ, ಆದ್ದರಿಂದ ತೆರೆದಾಗ ಥರ್ಮಾಕೋಲ್ ಒಣಗಿತ್ತು, ಖಾಲಿಯೂ ಆಗಿತ್ತು. "ಪುಡಿ ಅಲ್ವಾ ಸಾರ್, ಏನೂ ಆಗಲ್ಲ" ಅಂದರು ಫೋನಿನಲ್ಲಿ. ಪುಡಿ ನಿಜಕ್ಕೂ ಸ್ವಲ್ಪ ಸೆಕೆ ತಡೆಯುತ್ತದೆ. ಆದರೆ ವೈಲ್‌ನಲ್ಲಿದ್ದದ್ದು ದ್ರವ! ಲಾಟ್ ಪ್ರಮಾಣಪತ್ರ (ಆ ಬ್ಯಾಚಿನ ಗುಣಮಟ್ಟದ ದಾಖಲೆ) ಕೇಳಿದರೆ "ಮೇಲ್ ಮಾಡ್ತೀವಿ". ಬರಲೇ ಇಲ್ಲ.

ಹಿಂದಕ್ಕೆ ತಗೊಳ್ಳಿ ಎಂದರೆ, ಮೊದಲು ಪರೀಕ್ಷೆ ಮಾಡಿ ತೋರಿಸಿ ಎಂದು ಹಟ ಹಿಡಿದರು. ಆಂಟಿಬಾಡಿ ಅಂಟಿದರೆ ಬಣ್ಣ ಬರುವ ಎಲೈಸಾ ಪರೀಕ್ಷೆ ಮಾಡಿದೆವು. ರೋಗಿಗಳ ಸೀರಮ್‌ಗೂ ಆರೋಗ್ಯವಂತರ ಸೀರಮ್‌ಗೂ ಒಂದೇ ಬಣ್ಣ. ಪ್ರೋಟೀನ್‌ಗಳನ್ನು ಅಣುತೂಕದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿದರೆ 66 ಕಿಲೋಡಾಲ್ಟನ್ (ಅಣುತೂಕದ ಅಳತೆ) ಹತ್ತಿರ ದಪ್ಪ ಪಟ್ಟಿ, ಅದು ಆಲ್ಬುಮಿನ್. ಇನ್ನೊಂದು 50ರ ಆಸುಪಾಸು; ಜಿಎಸ್‌ಟಿ ಟ್ಯಾಗ್ ಒಂದೇ ಸುಮಾರು 26 ಕಿಲೋಡಾಲ್ಟನ್, ಉಳಿದದ್ದು ರಿಸೆಪ್ಟರಿನ ತುಣುಕು, ಲೆಕ್ಕ ನೀವೇ ಹಾಕಿ. ಕೊನೆಗೆ ಪಿಎನ್‌ಗೇಸ್-ಎಫ್ ಕಿಣ್ವ ಹಾಕಿದೆವು. ಮನುಷ್ಯರ ಕೋಶದಲ್ಲಿ ತಯಾರಾಗಿದ್ದರೆ 141ನೇ ಆಸ್ಪರಜಿನ್ ಮೇಲೆ ಸಕ್ಕರೆಯ ಸರಪಳಿ ಇರುತ್ತದೆ, ಕಿಣ್ವ ಅದನ್ನು ಕತ್ತರಿಸಿದಾಗ ಪಟ್ಟಿ ಕೆಳಗಿಳಿಯುತ್ತದೆ. ಇಲ್ಲಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಮಾಡಿದ ಅಗ್ಗದ ಮಾಲು. ಆ ಮಾಲೂ ಕೆಟ್ಟದ್ದೇನಲ್ಲ, ಮಡಿಕೆ ಬಿಚ್ಚಿದ ಪ್ರೋಟೀನಿನ ಮೇಲೆ ಮಾಡುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆಗೆ, ಮೊಲದಲ್ಲಿ ಆಂಟಿಬಾಡಿ ಬೆಳೆಸಲಿಕ್ಕೆ ಧಾರಾಳ ಸಾಕು. ನಾವು ದುಡ್ಡು ಕೊಟ್ಟದ್ದು ಅದಕ್ಕಲ್ಲ.

ಹಣಕ್ಕಿಂತ ಸಂಕಟವಾದದ್ದು ಸೀರಮ್‌ಗೆ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು, ಸುಸ್ತಾಗಿ ಕೂತ ರೋಗಿಗಳನ್ನು ಕೇಳಿಕೊಂಡು ತೆಗೆದ ರಕ್ತ ಅದು. ಎಲೈಸಾಕ್ಕೆ ಹಾಕಿದಷ್ಟು ಹೋಯಿತು.

ಡೀಲರ್ ಉತ್ತರ: "ಅದಕ್ಕೆ ಸಮಾನವಾದ ಪ್ರಾಡಕ್ಟೇ ಸಾರ್. ವೈಲ್ ಓಪನ್ ಆಗಿದೆ, ರಿಟರ್ನ್ ಇಲ್ಲ." ಪರೀಕ್ಷೆ ಮಾಡಿ ತೋರಿಸಿ ಎಂದವರೂ ಇವರೇ. ಲೇಬಲ್ ಮೇಲೆ 'ಸಂಶೋಧನೆಗೆ ಮಾತ್ರ' ಎಂದಿದೆ ಎಂಬ ವಾದ ಬೇರೆ. ರೋಗನಿರ್ಣಯಕ್ಕೆ ಬಳಸಬೇಡಿ ಎನ್ನುವುದಕ್ಕೆ ಹಾಕುವ ಸಾಲು ಅದು. ಬೇರೆ ಮಾಲು ಕಳಿಸಲು ಕೊಟ್ಟ ಪರವಾನಗಿಯಲ್ಲ.

ಮಾರ್ಚ್ ಒಳಗೆ ಗ್ರಾಂಟ್ ಖಾಲಿ ಮಾಡುವ ಆತುರದಲ್ಲಿರುವವರ ಬಾಗಿಲಿಗೆ ಇವರು ಬಂದೇ ಬರುತ್ತಾರೆ. ಲಾಟ್ ಪ್ರಮಾಣಪತ್ರವನ್ನು ಸರಕು ಹೊರಡುವ ಮೊದಲೇ ತರಿಸಿಕೊಂಡು, ಅದರ ಲಾಟ್ ಸಂಖ್ಯೆಯನ್ನು ತಯಾರಕ ಕಂಪನಿಗೆ ನೀವೇ ಬರೆದು ಕೇಳಿ. ಅಮೈನೋ ಆಮ್ಲಗಳ ವ್ಯಾಪ್ತಿ, ಯಾವ ಕೋಶ, ಯಾವ ಟ್ಯಾಗ್ ಎಂಬುದು ಪರ್ಚೇಸ್ ಆರ್ಡರ್‌ನಲ್ಲೇ ಇರಲಿ, ಹೊಂದದಿದ್ದರೆ ಪಾವತಿ ಇಲ್ಲ ಎಂಬ ಸಾಲೂ ಇರಲಿ. ನಮ್ಮ ಆರ್ಡರ್ ನಮೂನೆಯಲ್ಲಿ ಆ ಸಾಲಿಗೆ ಜಾಗವೇ ಇರಲಿಲ್ಲ, ಈಗ ಸೇರಿಸಿದ್ದಾರೆ. ಡೀಲರ್ ಕ್ರೆಡಿಟ್ ನೋಟ್ ಕೊಡುತ್ತೇನೆ ಎನ್ನುತ್ತಿದ್ದಾರೆ, ಅದನ್ನು ಅವರ ಹತ್ತಿರವೇ ಖರ್ಚು ಮಾಡಬೇಕಂತೆ.