ಆರು ಮಳೆಗಾಲ ಕಂಡ ಶ್ರುತಿ ಪೆಟ್ಟಿಗೆ

2019ರ ಮೇ ತಿಂಗಳಲ್ಲಿ ಶಿವಮೊಗ್ಗದ ಅಂಗಡಿಯೊಂದರಲ್ಲಿ 3,800 ರೂಪಾಯಿ ಕೊಟ್ಟು ಹಾಡುವವರಿಗೆ ಆಧಾರವಾಗಿ ಸಾ, ಪಾ ಸ್ವರಗಳನ್ನು ಒಂದೇ ಸಮ ನುಡಿಸುವ ಈ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ತಂದೆ. ದುಡ್ಡು ಶಾಲೆಯದಲ್ಲ, ನನ್ನದೇ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಪ್ರೌಢಶಾಲೆಯೊಂದರಲ್ಲಿ ಸಂಗೀತ ಹೇಳಿಕೊಡುತ್ತೇನೆ. ಪೆಟ್ಟಿಗೆಯಲ್ಲಿ ಏನೇನಿದೆ ಅನ್ನುವುದು ಅದರ ಡಬ್ಬದ ಮೇಲೆಯೇ ಬರೆದಿರುತ್ತದೆ, ಅದನ್ನು ಬಿಡುತ್ತೇನೆ.

ಮೊದಲ ತಕರಾರು ಸದ್ದಿನದು. ಅಂಗಡಿಯಲ್ಲಿ ಕೇಳಿದಾಗ ತುಂಬಿಕೊಂಡಂತಿತ್ತು. ಆರಿದ್ರ ಮಳೆ ಹಿಡಿದಾಗ ಬಣ್ಣ ಬಯಲಾಯಿತು. ನಮ್ಮ ಕೋಣೆಗೆ ಹೆಂಚು ತೆಗೆದು ಶೀಟು ಹೊದಿಸಿದ್ದಾರೆ. ಆ ಶೀಟಿನ ಮೇಲೆ ಮಳೆ ಸುರಿದರೆ ನನ್ನ ದನಿಯೇ ಎರಡನೇ ಸಾಲು ಮುಟ್ಟುವುದಿಲ್ಲ, ಅಂಗೈಯಗಲದ ಸ್ಪೀಕರಿನ ಪಾಡೇನು? ಪೂರ್ತಿ ಏರಿಸಿದರೆ ಪಂಚಮ (ಪಾ) ಗರಗರ ಅನ್ನುತ್ತದೆ. ಕೊಟ್ಟ ದುಡ್ಡು ನೀರಿಗೆ ಹೋಯಿತು ಅಂತ ಆ ವರ್ಷ ನಿಜಕ್ಕೂ ಸಂಕಟಪಟ್ಟೆ.

ಮೊಬೈಲ್ ಆ್ಯಪ್ ಸಾಕಲ್ಲ ಅನ್ನುವವರಿಗೆ: ಅದನ್ನೂ ನೋಡಿದ್ದೇನೆ. ನಾದ ಚೆನ್ನಾಗಿದೆ. ಆದರೆ ಜಂಟಿ ವರಸೆಯಂಥ ಆರಂಭದ ಸ್ವರಾಭ್ಯಾಸದ ನಡುವೆ ಯಾರದೋ ಕರೆ ಬಂದು ಶ್ರುತಿ ನಿಂತುಬಿಡುತ್ತದೆ. ಜಾರಿದ ಷಡ್ಜವನ್ನು, ಅಂದರೆ ಸಾ ಸ್ವರವನ್ನು, ಮಕ್ಕಳಿಗೆ ಮತ್ತೆ ಹಿಡಿಸಲು ಹತ್ತು ನಿಮಿಷ ಬೇಕು. ಪೀರಿಯಡ್ಡು ಇರುವುದೇ ನಲವತ್ತು ನಿಮಿಷ. ಲಾಕ್‌ಡೌನಿನ ವಿಡಿಯೋ ಪಾಠದಲ್ಲಂತೂ ಒಂದೇ ಸಮ ನುಡಿಯುವ ಶ್ರುತಿಯನ್ನು ವಿಡಿಯೋ ಆ್ಯಪ್ ಗದ್ದಲವೆಂದು ತಿಳಿದು ಅಳಿಸಿಹಾಕುತ್ತಿತ್ತು.

ಲಾಕ್‌ಡೌನಿನಿಂದಾಗಿ ಎರಡನೇ ಮಳೆಗಾಲದಲ್ಲಿ ಮಕ್ಕಳೇ ಇರಲಿಲ್ಲ, ಮೂರನೆಯದರಲ್ಲೂ ಶಾಲೆ ತೆರೆದದ್ದು ತಡವಾಗಿ. ನಾಲ್ಕನೆಯದರಲ್ಲಿ, ಪುಷ್ಯ ಮಳೆಯ ಒಂದು ಮಧ್ಯಾಹ್ನ, ಕರೆಂಟು ಹೋಗಿತ್ತು. ಸೆಲ್ಲು ಹಾಕಿ ಪೆಟ್ಟಿಗೆಯನ್ನು ಪುಸ್ತಕಗಳ ಮೇಲಿಡುವ ಬದಲು, ಸ್ಪೀಕರ್ ಕೆಳಗಾಗುವಂತೆ ಹಳೇ ಹಲಸಿನ ಮರದ ಡೆಸ್ಕಿನ ಮೇಲೆ ಮಲಗಿಸಿದೆ. ಡೆಸ್ಕಿಗೆ ಕೆನ್ನೆ ಕೊಟ್ಟು ಒರಗಿದ್ದ ಎಂಟನೇ ಕ್ಲಾಸಿನ ಹುಡುಗಿ, "ಮೇಡಂ, ಇಲ್ಲಿ ಚೆನ್ನಾಗಿ ಕೇಳ್ತದೆ" ಅಂದಳು. ನಾನೂ ಕಿವಿಯಿಟ್ಟೆ. ಮಂದ್ರ ಷಡ್ಜ, ಅಂದರೆ ಕೆಳಗಿನ ಸಾ, ಹಲಗೆಯೊಳಗಿಂದ ದವಡೆಗೇ ಬಂದು ಸೇರಿತು, ಮೇಲೆ ಮಳೆ ಹೊಡೆಯುತ್ತಲೇ ಇತ್ತು. ವೀಣೆಗೂ ಮೃದಂಗಕ್ಕೂ ಹಲಸಿನ ಮರ ಯಾಕೆ ಅನ್ನುವುದನ್ನು ಅವತ್ತು ಡೆಸ್ಕು ತಟ್ಟಿಯೇ ಹೇಳಿದೆ.

ಅಲ್ಲಿಂದ ಅದೇ ರೂಢಿ. ಜೋರು ಮಳೆಯ ದಿನ ಎಂಟೆಂಟು ಜನ ಡೆಸ್ಕಿನ ಸುತ್ತ ಸೇರುತ್ತಾರೆ, ಕಿವಿಯಿಟ್ಟು ಕಣ್ಣು ಮುಚ್ಚುತ್ತಾರೆ, ತಲೆಯೆತ್ತಿ ಸಾ ಹಿಡಿಯುತ್ತಾರೆ. ಮೊದಲ ಪಾಠವಾದ ಸರಳೆ ವರಸೆ ಬಿಸಿಲಿಗಿಂತ ಮಳೆಯಲ್ಲೇ ಹದವಾಗಿ ಬರುತ್ತಿದೆ. ದೂರದಿಂದ ಕೇಳುವ ಶ್ರುತಿಗೆ ಅರ್ಧ ಗಮನ ಕೊಡುವ ಮಕ್ಕಳು ಮೈಗೆ ತಾಗಿದ ಶ್ರುತಿಯನ್ನು ಬಿಡುವುದಿಲ್ಲ.

ಬೆಳಗಿನ ಪ್ರಾರ್ಥನೆಗೂ ಇದೇ ಪೆಟ್ಟಿಗೆ. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡಿನ ಅವಧಿಯನ್ನೂ ನಿಗದಿ ಮಾಡಿದ ಮೇಲೆ ನಮ್ಮಲ್ಲಿ ರೆಕಾರ್ಡು ಹಾಕುತ್ತಿದ್ದರು. ದೊಡ್ಡವರ ಶ್ರುತಿಗೆ ಹಾಡಹೋಗಿ ಮಕ್ಕಳು ಕೆಳಗೆ ಗೊಣಗುತ್ತಿದ್ದರು, ಮೇಲೆ ಕಿರುಚುತ್ತಿದ್ದರು. ಹೆಡ್‌ಮಾಸ್ಟರನ್ನು ಒಪ್ಪಿಸಿ, ಧಾಟಿ ಅದೇ ಇಟ್ಟು ಶ್ರುತಿ ಮಾತ್ರ ಮಕ್ಕಳದು ಮಾಡಿದೆ. ದನಿ ಒಡೆಯುತ್ತಿರುವ ಒಂಬತ್ತನೇ ಕ್ಲಾಸಿನ ಹುಡುಗರಿಗೆ ಕ್ಲಾಸಿನಲ್ಲಿ ಬೇರೆಯಾಗಿ ಶ್ರುತಿಯನ್ನು ಒಂದೂವರೆ ಮನೆಗೆ ಇಳಿಸುತ್ತೇನೆ (ಮನೆ ಅಂದರೆ ಶ್ರುತಿಯ ಎತ್ತರ ಅಳೆಯುವ ಲೆಕ್ಕ). ಅವರು ಈಗ ಬಾಯಿ ಬಿಟ್ಟು ಹಾಡುತ್ತಾರೆ.

ನಿಜವಾದ ದೋಷ ಶ್ರುತಿ ತಿದ್ದುವ ಸಣ್ಣ ನಾಬಿನದು. ನಮ್ಮ ಥಂಡಿಗೆ ಒಳಗೆ ಕಿಲುಬು ಹಿಡಿದು, ಮುಟ್ಟಿದರೆ ಕರಕರ ಅಂದು ಕಾಲು ಮನೆಯಷ್ಟು ಹಾರುತ್ತದೆ. ರಿಪೇರಿಯವರು ಸ್ಪ್ರೇ ಹೊಡೆದುಕೊಟ್ಟರೆ ಮುಂದಿನ ಆಶ್ಲೇಷ ಮಳೆಯವರೆಗೆ ಬಾಳುತ್ತದೆ. ಈಗ ದಿನಾ ಸಂಜೆ ಬಟ್ಟೆಯಲ್ಲಿ ಸುತ್ತಿ, ಹೊಸ ಚಪ್ಪಲಿಯ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಸ್ಟೀಲ್ ಡಬ್ಬದಲ್ಲಿಡುತ್ತೇನೆ. ರಜೆಯಲ್ಲಿ ಸೆಲ್ಲು ಒಳಗೇ ಬಿಡಬೇಡಿ, ಸೋರುತ್ತದೆ.

ಮಲೆನಾಡಿನ ಶಾಲೆಗೆ ಕೊಳ್ಳುವವರು ಗುಂಡಿ ಒತ್ತಿ ಶ್ರುತಿ ಬದಲಿಸುವ ಮಾದರಿಯನ್ನೇ ನೋಡಿ, ಸ್ವಲ್ಪ ಹೆಚ್ಚಾದರೂ ಸರಿ. ನನ್ನದನ್ನು ಈ ಬೇಸಿಗೆಯಲ್ಲಿ ಹೊಸ ನಾಬ್ ಹಾಕಿಸಲು ಒಯ್ಯುತ್ತೇನೆ. ಶೀಟಿನ ಕೋಣೆಗೆ ಹೊಸ ಡೆಸ್ಕು ಬರುತ್ತದಂತೆ; ಹಲಸಿನದನ್ನು ಸಾಗಿಸಬೇಡಿ ಅಂತ ಹೆಡ್‌ಮಾಸ್ಟರಿಗೆ ಬರೆದುಕೊಟ್ಟಿದ್ದೇನೆ.