ಮಗಳ ಹಿಪ್ ಆಪರೇಷನ್: ಡಾಕ್ಟರಿಗೆ ಐದು ಸ್ಟಾರ್, ಡಿಸ್ಚಾರ್ಜ್‌ಗೆ ಎರಡು

ಹೋದ ಬೇಸಿಗೆಯಲ್ಲಿ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಗಳ ಸೊಂಟದ ಕೀಲಿನ ಆಪರೇಷನ್ ಮಾಡಿಸಿದೆವು. ಆಸ್ಪತ್ರೆ ಹೆಸರು ಬರೆಯುವುದಿಲ್ಲ, ಬೈಯುವುದೂ ಸ್ವಲ್ಪ ಇದೆ. ಅವಳಿಗೆ ಏಳು ವರ್ಷ, ಸಿಪಿ ಮಗು (ಸೆರೆಬ್ರಲ್ ಪಾಲ್ಸಿ, ಮೆದುಳಿನ ತೊಂದರೆಯಿಂದ ಸ್ನಾಯುಗಳ ಮೇಲೆ ಹಿಡಿತ ಇರುವುದಿಲ್ಲ), ನಡೆಯುವುದಿಲ್ಲ. ಗದಗಿನಲ್ಲಿ ಮೂರು ವರ್ಷ ಫಿಜಿಯೋಥೆರಪಿಗೆ ತಿರುಗಿದೆವು, ಸೊಂಟದ ಎಕ್ಸ್‌ರೇ ತೆಗೆಸಿ ಅಂತ ಒಬ್ಬರೂ ಹೇಳಲಿಲ್ಲ. ಡೈಪರ್ ಹಾಕುವಾಗ ಎಡಗಾಲು ಅಗಲಿಸಿದರೆ ಚೀರುತ್ತಿದ್ದಳು, ನಾವು ಸುಮ್ನೆ ಹಠ ಅಂದುಕೊಂಡಿದ್ದೆವು.

ಹುಬ್ಬಳ್ಳಿಯ ಡಾಕ್ಟರು ಎಕ್ಸ್‌ರೇ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತೋರಿಸಿದರು. ತೊಡೆ ಎಲುಬಿನ ಗುಂಡು, ಅದು ಕೂರುವ ಸೊಂಟದ ಬಟ್ಟಲಿನಿಂದ ಅರ್ಧಕ್ಕಿಂತ ಜಾಸ್ತಿ ಹೊರಗಿತ್ತು. ಈ ಮಕ್ಕಳಿಗೆ ಹುಟ್ಟುವಾಗ ಸಾಮಾನ್ಯವಾಗಿ ಕೀಲು ಸರಿಯಾಗೇ ಇರುತ್ತದಂತೆ, ಆಮೇಲೆ ಒಳತೊಡೆಯ ಸ್ನಾಯು ಬಿಗಿದು ವರ್ಷಗಟ್ಟಲೆ ಎಳೆದೂ ಎಳೆದೂ ಗುಂಡನ್ನು ಜಾರಿಸುತ್ತದೆ, ಮಗು ನಿಂತು ನಡೆಯದಿದ್ದರೆ ಬಟ್ಟಲೂ ಆಳವಾಗುವುದಿಲ್ಲ. ಗುಂಡು 30 ಪರ್ಸೆಂಟ್ ಹೊರಗೆ ಜಾರಿದಾಗಲೇ ಎಚ್ಚರ ಆಗಬೇಕು. ಆಗ ಸಿಕ್ಕಿದ್ದರೆ ಸ್ನಾಯು ಸಡಿಲಿಸುವ ಸಣ್ಣ ಆಪರೇಷನ್ನೇ ಸಾಕಾಗುತ್ತಿತ್ತೇನೋ. ನಮ್ಮವಳಿಗೆ ತೊಡೆ ಎಲುಬು ಕತ್ತರಿಸಿ, ತಿರುಗಿಸಿ, ಪ್ಲೇಟ್ ಕೂರಿಸಿ, ಬಟ್ಟಲಿನ ಮೇಲಿನ ಎಲುಬನ್ನೂ ಬಗ್ಗಿಸಬೇಕಾಯಿತು.

"ಇದಾದ ಮ್ಯಾಲ ನಡಿತಾಳೇನ್ರಿ ಸರ್?" ಅಂತ ಕೇಳಿದೆ.

"ನಡ್ಯಾಕಂತ ಮಾಡಂಗಿಲ್ರಿ. ನೋವಿಲ್ಲದ ಕುಂದರಬೇಕು, ಅಷ್ಟ."

ಆ ನೇರ ಮಾತಿಗೇ ನಾನು ಒಪ್ಪಿದ್ದು. ಅರಿವಳಿಕೆ ಡಾಕ್ಟರೂ ಅಷ್ಟೇ, ಫಿಟ್ಸ್ ಮಾತ್ರೆ, ಕಫ, ತೂಕ ಎಲ್ಲ ಮೂರು ಮೂರು ಸಲ ಕೇಳಿದರು.

ಕಷ್ಟ ಶುರುವಾಗಿದ್ದು ಡಿಸ್ಚಾರ್ಜ್ ದಿನ. ಎದೆಯ ಕೆಳಗಿನಿಂದ ಪಾದದವರೆಗೆ ಪ್ಲಾಸ್ಟರ್, ಆರು ವಾರ, ಕಾಲು ಎರಡೂ ಅಗಲ. ಇಂಥ ಮಗು ಆಟೋದಲ್ಲಿ ಹಿಡಿಸುವುದಿಲ್ಲ ಅಂತ ಮೊದಲೇ ಹೇಳಬಹುದಿತ್ತು ಅಲ್ವಾ? ಕೊನೆಗೆ ಪರಿಚಯದವರ ಓಮ್ನಿ ತರಿಸಿ, ಹಿಂದಿನ ಸೀಟು ತೆಗೆಸಿ, ಗಾದಿ ಹಾಸಿ ಗದಗಿಗೆ ಬಂದೆವು. ಹಿಮ್ಮಡಿ ನೋಡುತ್ತಿರಿ ಅಂತಲೂ ಯಾರೂ ಹೇಳಲಿಲ್ಲ, ಎರಡನೇ ವಾರದಲ್ಲಿ ಅಲ್ಲಿ ಹುಣ್ಣಾಯಿತು. ನಮಗೆ ನಿಜಕ್ಕೂ ಕಲಿಸಿದ್ದು ವಾರ್ಡಿನ ಆಯಾ ಒಬ್ಬರೇ: "ಅಕ್ಕಾ, ಸಣ್ಣ ಡೈಪರ್ ಪ್ಲಾಸ್ಟರ್ ಒಳಗ ತುರುಕ್ರಿ, ದೊಡ್ಡದು ಮ್ಯಾಲ ಕಟ್ರಿ." ಅವರಿಲ್ಲದಿದ್ದರೆ ಪ್ಲಾಸ್ಟರ್ ಮೂರೇ ದಿನಕ್ಕೆ ನಾರುತ್ತಿತ್ತು.

ಬಿಲ್ ಕೌಂಟರಿನವರಿಗೆ ಸರ್ಕಾರದ ನಿರಾಮಯ ಆರೋಗ್ಯ ವಿಮೆ ಅಂದರೇನು ಅಂತಲೇ ಗೊತ್ತಿರಲಿಲ್ಲ. ಸಿಪಿ ಮಕ್ಕಳಿಗೆ ವರ್ಷಕ್ಕೆ 1 ಲಕ್ಷದವರೆಗೆ ಇದೆ, ಮೊದಲು ನಾವು ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕು. ವಿವರವಾದ ಬಿಲ್ಲಿಗೆ ಎರಡು ಸಲ ಹುಬ್ಬಳ್ಳಿಗೆ ಓಡಾಡಿದೆ.

ಈಗ ಡೈಪರ್ ಹಾಕುವಾಗ ಚೀರುವುದಿಲ್ಲ. ಊಟದ ಹೊತ್ತಿಗೆ ಕುರ್ಚಿಯಲ್ಲಿ ಒಂದು ತಾಸು ಕೂರುತ್ತಾಳೆ. ಬಲಗಡೆಯದ್ದಕ್ಕೆ ಆರು ತಿಂಗಳಿಗೊಮ್ಮೆ ಎಕ್ಸ್‌ರೇ ಇದೆ, ಮುಂದಿನದು ದೀಪಾವಳಿ ಆದ ಮೇಲೆ. ಅದೇ ಡಾಕ್ಟರ ಹತ್ತಿರವೇ ಹೋಗುತ್ತೇವೆ.